ಧೂಳು ತಿಂದು ಓಡುವ ಉಡ

ಆಗೆಲ್ಲ ನಮ್ಮ ಬಂಡ್ರಿಯಲ್ಲಿ ಬೇವಿನ ಮರ ಹಸಿರೆಂದು ಗೊತ್ತಾಗುತ್ತಿದ್ದದ್ದು ದೊಡ್ಡ ಮಳೆ ಬಂದ ಮರುದಿನ ಮಾತ್ರ. ಉಳಿದ ದಿನಗಳಲ್ಲಿ ಮರವೂ ಕೆಂಪು, ಅದರ ಕೆಳಗೆ ಕಟ್ಟಿದ ಎಮ್ಮೆಯೂ ಕೆಂಪು, ಎಮ್ಮೆಯ ಬೆನ್ನಿನ ಮೇಲೆ ಕೂರುವ ಬೆಳ್ಳಕ್ಕಿಯೂ ಕೆಂಪು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂತಿ ಹಚ್ಚಿಕೊಂಡು ಓಡುತ್ತಿದ್ದ ವರ್ಷಗಳು ಅವು. ರೊಟ್ಟಿ ಮುರಿದು ಬಾಯಿಗಿಟ್ಟರೆ ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು. ಆ ರಸ್ತೆಗಳ ಬದಿಯಲ್ಲಿ ಬೆಳೆದವರಿಗೆ ಆ ಕರಕರ ಇನ್ನೂ ನೆನಪಿರಬಹುದು.

ನಾನು ನಿಂತಿದ್ದ ಜಾಗವನ್ನು ಮೊದಲೇ ಹೇಳುತ್ತೇನೆ. ಮುಖ್ಯರಸ್ತೆಯ ಪಶ್ಚಿಮದ ಬದಿಗೆ ಖಾಜಾಮಾಮನ ಪಂಕ್ಚರ್ ಅಂಗಡಿ. ಅಂಗಡಿಯ ಮುಂದೆ ಟ್ಯೂಬು ಮುಳುಗಿಸಿ ಗಾಳಿ ಸೋರುವುದನ್ನು ನೋಡುವ ನೀರಿನ ತೊಟ್ಟಿ. ಆ ತೊಟ್ಟಿಯ ಎಡಕ್ಕೆ, ಡಾಂಬರಿನ ಅಂಚಿನಿಂದ ನನ್ನ ಆಗಿನ ಅಳತೆಯ ಐದು ಹೆಜ್ಜೆ ಹಿಂದೆ. ಆಷಾಢದ ಕೊನೆಯ ವಾರದ ಮಂಗಳವಾರ, ಶಾಲೆಯ ಪ್ರಾರ್ಥನೆಯ ಗಂಟೆಗೆ ಸ್ವಲ್ಪ ಮೊದಲು. ನನಗೆ ಹನ್ನೊಂದು ತುಂಬಿತ್ತು, ಆರನೆಯ ತರಗತಿ. ಎದುರು ಬದಿಯಲ್ಲಿ ನಿಂತಿದ್ದವನು ನನ್ನ ಗೆಳೆಯ ಹುಲುಗಪ್ಪ, ಅವನಿಗೂ ಹನ್ನೊಂದು. ಅವನ ಎರಡೂ ಕೈಯಲ್ಲಿ ಮಣ್ಣಿನಿಂದ ಮಾಡಿದ ಒಂದು ಯುದ್ಧದ ಟ್ಯಾಂಕು ಇತ್ತು.

ಕಂಡದ್ದು, ಕೇಳಿದ್ದು, ಆಮೇಲೆ ನಾನೇ ಸೇರಿಸಿಕೊಂಡದ್ದು, ಈ ಮೂರನ್ನೂ ಬೇರೆ ಬೇರೆ ಇಟ್ಟು ಬರೆಯುತ್ತೇನೆ. ಒಮ್ಮೆ ಹಾಗೆ ಇಡದೆ ಹೋದದ್ದಕ್ಕೆ ಒಬ್ಬ ಮನುಷ್ಯನ ಕೈ ಹೋಯಿತು.

ಟ್ಯಾಂಕು ಶುರುವಾದದ್ದು ಅದಕ್ಕೆ ನಾಲ್ಕು ವಾರ ಮೊದಲು, ಮಣ್ಣೆತ್ತಿನ ಅಮಾವಾಸ್ಯೆಗೆ. ಆ ದಿನ ನಮ್ಮ ಕಡೆ ಮನೆಮನೆಯಲ್ಲೂ ಹಸಿ ಮಣ್ಣಿನಿಂದ ಜೋಡಿ ಎತ್ತು ಮಾಡಿ, ದೇವರ ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ಕಡುಬಿನ ಎಡೆ ಹಿಡಿಯುತ್ತಾರೆ. ಆ ವರ್ಷ ಹುಲುಗಪ್ಪನ ಮನೆಯ ಜಗಲಿಯಲ್ಲಿ ಎತ್ತು ಒಂದೇ ಇತ್ತು. ಜೋಡಿಯ ಜಾಗದಲ್ಲಿ ಚಪ್ಪಟೆ ಮೈಯ ಒಂದು ಪ್ರಾಣಿ ಕೂತಿತ್ತು. ಅದರ ಮೂತಿಯಿಂದ ಒಣಗಿದ ಪೆನ್ನಿನ ರೀಫಿಲ್ ಮುಂದಕ್ಕೆ ಚಾಚಿತ್ತು. ಅವನ ತಾಯಿ ಹನುಮಕ್ಕ ಆರತಿ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು.

“ಇದೇನಲೇ ಇದು? ಎತ್ತು ಮಾಡಂದ್ರ ಹಲ್ಲಿ ಮಾಡಿಟ್ಟೀ.”

“ಹಲ್ಲಿ ಅಲ್ಲಬೇ ಯವ್ವಾ, ಉಡ. ಟ್ಯಾಂಕು ಅದು.”

“ಹೊಲ ಊಳತೈತೇನು ಮತ್ತ?”

“ಗುಡ್ಡ ಹತ್ತತೈತಿ.”

“ಹತ್ತಿ?”

“ಹತ್ತಿ ಅಲ್ಲೇ ಕುಂದ್ರತೈತಿ. ಅದು ಕುಂತ್ರ ಆ ಗುಡ್ಡಾನ ಯಾರೂ ಒಯ್ಯಂಗಿಲ್ಲ.”

ಹನುಮಕ್ಕ ಆಮೇಲೆ ಉಡದ ಹಣೆಗೂ ಒಂದು ಬೊಟ್ಟು ಕುಂಕುಮ ಇಟ್ಟು, “ಇರ್ಲಿ, ಅದಕ್ಕೂ ಹಸಿವಿ ಇರ್ತೈತಿ” ಎಂದು ಮುಂದೆ ಒಂದು ಕಡುಬು ಇಟ್ಟಳು. ಆ ಕಡುಬನ್ನು ಪೂಜೆ ಮುಗಿದ ಮೇಲೆ ಹುಲುಗಪ್ಪ, ನಾನು, ಅವನ ಅಕ್ಕ ಅಂಬಮ್ಮ ಮೂರು ಪಾಲು ಮಾಡಿ ತಿಂದೆವು. ಅಂಬಮ್ಮ ನಮಗಿಂತ ಎರಡು ವರ್ಷ ದೊಡ್ಡವಳು. ನಾನು ಅವಳನ್ನು ಅಂಬಕ್ಕ ಎನ್ನುತ್ತಿದ್ದೆ.

ಖಾಜಾಮಾಮನ ಅಂಗಡಿಯ ಸಣ್ಣ ಟೀವಿಯಲ್ಲಿ ಗಣರಾಜ್ಯೋತ್ಸವದ ಪರೇಡ್ ನೋಡಿದ ದಿನದಿಂದ ಹುಲುಗಪ್ಪನ ತಲೆಯಲ್ಲಿ ಇದು ಕೂತಿತ್ತು. ಆದರೆ ಅವನ ದಂಡು ದೆಹಲಿಯದಲ್ಲ. ಒಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ಅವನು ಅದರ ಕಥೆ ಬರೆದಿದ್ದ. ಇಸವಿ ಮೂರು ಸಾವಿರ. ಭೂಮಿಯ ಮೇಲಿನ ಅದಿರೆಲ್ಲ ಮುಗಿದು ಜನ ಕೆಂಪು ಗ್ರಹಕ್ಕೆ ಹೋಗಿದ್ದಾರೆ. ಅಲ್ಲಿಯೂ ಗುಡ್ಡಗಳಿವೆ. ಆ ಗುಡ್ಡ ಕಾಯುವ ದಂಡಿನ ಮುಖ್ಯ ಟ್ಯಾಂಕಿನ ಹೆಸರು ಉಡ. ಹಿಂದಿನ ಕಾಲದಲ್ಲಿ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಗೋಡೆಗೆ ಬಿಡುತ್ತಿದ್ದರಂತೆ, ಅದು ಮೇಲೆ ಕಚ್ಚಿಕೊಂಡರೆ ಸೈನಿಕರು ಹಗ್ಗ ಹಿಡಿದು ಹತ್ತುತ್ತಿದ್ದರಂತೆ. ಹಾಗೆಂದು ಅವನ ಅಜ್ಜ ಹೇಳಿದ್ದ.

ಉಡಕ್ಕೆ ಡೀಸೆಲ್ ಬೇಡ. ಅದು ಮೂತಿಯಿಂದ ಕೆಂಧೂಳು ಎಳೆದುಕೊಂಡು, ಅದನ್ನೇ ಹೊಟ್ಟೆಯಲ್ಲಿ ಉರಿಸಿ ಓಡುತ್ತದೆ. ಹಿಂದಿನಿಂದ ಹೊಗೆ ಬರುವುದಿಲ್ಲ, ತಣ್ಣನೆಯ ಗಾಳಿ ಬರುತ್ತದೆ. ಉಡ ಹೋದ ದಾರಿಯಲ್ಲಿ ಎಲೆಗಳು ಹಸಿರಾಗುತ್ತವೆ. ಸೈನಿಕರೆಲ್ಲ ಅದರ ಹಿಂದೆಯೇ ನಡೆಯುತ್ತಾರೆ, ಅಲ್ಲಿ ಮಾತ್ರ ಉಸಿರಾಡಲು ಆಗುತ್ತದೆ. ಇದನ್ನು ಓದಿ ಹೇಳುವಾಗ ಹುಲುಗಪ್ಪನೇ ಎರಡು ಸಲ ಕೆಮ್ಮಿದ. ಆಗ ನಾವೆಲ್ಲರೂ ಕೆಮ್ಮುತ್ತಿದ್ದೆವು, ಯಾರೂ ಅದನ್ನು ಕಾಯಿಲೆ ಎನ್ನುತ್ತಿರಲಿಲ್ಲ.

ಎರಡನೆಯ ಪುಟದಿಂದ ಉಡದ ಬೇರೆ ಬೇರೆ ಜಾತಿಗಳು. ಗುಂಡಿನುಡ, ದಂಡಿನ ಮುಂದೆ ಹೋಗುವುದು. ಮರಿಯುಡ, ತೋಪು ಇಲ್ಲ, ಎರಡು ದೊಡ್ಡ ಕಣ್ಣು ಮಾತ್ರ, ಮುಂದೆ ಹೋಗಿ ನೋಡಿ ಬರುವ ಕೆಲಸ. ಏಣಿಯುಡ, ಬೆನ್ನ ಮೇಲೆ ಐಸ್‌ಕ್ಯಾಂಡಿ ಕಡ್ಡಿಯ ಮಡಚುವ ಸೇತುವೆ ಹೊತ್ತದ್ದು. ನೀರುಡ, ದಾರಿಗೆ ನೀರು ಹೊಡೆಯುವುದು. ದವಾಖಾನಿ ಉಡ, ಒಳಗೆ ನಾಲ್ಕು ಹಾಸಿಗೆ. ಇವೆಲ್ಲಕ್ಕೂ ಕೆಳಗಿನ ಮೈ ಒಂದೇ. ಈ ಉಪಾಯವನ್ನು ಅವನು ಕಲಿತದ್ದು ರಸ್ತೆಯಿಂದಲೇ.

“ಆ ಟಿಪ್ಪರ್ ನೋಡಲೇ ಮಲ್ಯಾ, ಈ ನೀರಿನ ಗಾಡಿ ನೋಡು. ಕೆಳಗಿಂದು ಒಂದ ಐತಿ, ಮ್ಯಾಲಿಂದಷ್ಟ ಬ್ಯಾರೆ. ಹಂಗ ನಮ್ದೂ. ಒಂದು ಕೆಟ್ರ ಇನ್ನೊಂದರ ಗಾಲಿ ಹಾಕಬೌದು.”

“ದವಾಖಾನಿ ಉಡದಾಗ ಅಂಬಕ್ಕ ನರ್ಸು” ಎಂದು ನಾನೇ ಹೇಳಿದೆ.

ಅಂಬಕ್ಕ ನನ್ನ ತಲೆಗೆ ಮೊಟಕಿದಳು. “ನಿಮ್ಮ ಗಾಯ ತೊಳಿಯಾಕ ನಾ ಬರಂಗಿಲ್ಲ. ನಾ ಗುಂಡಿನುಡ ನಡಸಾಕಿ.”

“ಅದನ್ನ ನಡಸಾಕ ನಾನದೀನಲ್ಲ” ಎಂದ ಹುಲುಗಪ್ಪ.

“ನೀ ಸತ್ರ?”

“ಸತ್ರ ನೀ ನಡಸು, ಹೋಗು.”

ಈ ಮಾತು ಆಗ ನಡೆದದ್ದು ಹೌದೆಂದು ಅಂಬಕ್ಕನೂ ಹೇಳುತ್ತಾಳೆ. ನಾನು ಆಮೇಲೆ ಸೇರಿಸಿದ್ದಲ್ಲ.

ಮಾಡುವ ಕ್ರಮ ಹೀಗಿತ್ತು. ಕೆಮ್ಮಣ್ಣಿಗೆ ಸೆಗಣಿ, ಹತ್ತಿಯ ಎಳೆ ಸೇರಿಸಿ ಬಿರುಕು ಬಿಡದಂತೆ ನಾದುವುದು. ಹೊಟ್ಟೆಯೊಳಗೆ ರಸ್ತೆಯಲ್ಲಿ ಬಿದ್ದ ಅದಿರಿನ ಚೂರು ತುಂಬುವುದು, ಅದು ಕಲ್ಲಿಗಿಂತ ಭಾರ, ಟ್ಯಾಂಕು ಇಳಿಜಾರಿನಲ್ಲಿ ಅಲ್ಲಾಡುವುದಿಲ್ಲ. ಗಾಲಿಗೆ ಸೋಡಾ ಬಾಟಲಿಯ ಮುಚ್ಚಳ, ಪಟ್ಟಿಗೆ ಹಳೆಯ ಟ್ಯೂಬಿನ ಸೀಳು, ತಲೆಗೆ ಬೂಟ್‌ಪಾಲಿಶ್ ಡಬ್ಬಿ. ಟ್ಯೂಬು ಕೊಡುತ್ತಿದ್ದವನು ಖಾಜಾಮಾಮ. ಅಂಗಡಿಯಲ್ಲಿ ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ಘಾಟು, ಸುಟ್ಟ ರಬ್ಬರಿನ ವಾಸನೆ, ಎದುರಿನ ಚಹಾದ ಹೋಟೆಲಿನಿಂದ ಮಿರ್ಚಿ ಕರಿಯುವ ವಾಸನೆ, ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ನಮ್ಮ ಟ್ಯಾಂಕನ್ನು ತಿರುಗಿಸಿ ನೋಡಿ ಅವನು ಹೇಳುತ್ತಿದ್ದ, “ಅರೇ ಬೇಟಾ, ಗಾಡಿ ಮಸ್ತ್ ಐತಿ. ಪಂಕ್ಚರ್ ಆಗಂಗಿಲ್ಲೇನು ಇದು? ಆಗಂಗ ಮಾಡ್ರಪ್ಪಾ, ಮೂರು ಸಾವಿರ ಇಸವಿಯಾಗ ನಮ್ಮ ಅಂಗಡಿನೂ ನಡೀಬೇಕು.”

ಇಷ್ಟೆಲ್ಲ ಆದರೂ ದಂಡಿಗೆ ಶತ್ರು ಇರಲಿಲ್ಲ. ನಾನು ಕೇಳಿದೆ.

“ಇನ್ನಾ ಬಂದಿಲ್ಲ” ಎಂದ ಹುಲುಗಪ್ಪ. “ಮೊದಲು ದಂಡು ರೆಡಿ ಆಗ್ಲಿ.” ಆ ಪುಟವನ್ನು ಅವನು ಖಾಲಿ ಬಿಟ್ಟಿದ್ದ.

ಆ ಮಂಗಳವಾರ ಅವನ ಕೈಯಲ್ಲಿದ್ದದ್ದು ಏಣಿಯುಡ. ಹಿಂದಿನ ಸಂಜೆ ಮುಗಿಸಿದ್ದ. ನಾನು ಅಂಗಡಿಯಲ್ಲಿ ಟ್ಯೂಬಿನ ಸೀಳು ಇಸಿದುಕೊಂಡು ಅವನಿಗಾಗಿ ಕಾಯುತ್ತಿದ್ದೆ. ನಾನು ಕಂಡದ್ದು ಇಷ್ಟು. ನನ್ನ ಬದಿಯಲ್ಲಿ ಒಂದು ಲೋಡ್ ಲಾರಿ ನಿಧಾನವಾಗಿ ಬರುತ್ತಿತ್ತು. ಅದು ಹೋಗಲೆಂದು ಹುಲುಗಪ್ಪ ಎದುರು ಬದಿಯ ಮಣ್ಣಿನಲ್ಲಿ ನಿಂತ. ಡಾಂಬರಿನ ಮೇಲೆ ಅಲ್ಲ, ಮಣ್ಣಿನಲ್ಲಿ. ಟ್ಯಾಂಕನ್ನು ತಲೆಯ ಮೇಲೆತ್ತಿ ನನಗೆ ತೋರಿಸಿದ. ಸೇತುವೆ ಬಿಚ್ಚಿಕೊಂಡಿತ್ತು. ನಿಧಾನದ ಲಾರಿ ನಮ್ಮಿಬ್ಬರ ನಡುವೆ ಬಂತು. ಅದನ್ನು ಹಿಂದೆ ಹಾಕಲೆಂದು ಇನ್ನೊಂದು ಲಾರಿ ಆ ಬದಿಯಲ್ಲಿ ನುಗ್ಗಿದ ಸದ್ದು ಕೇಳಿತು. ನಿಧಾನದ ಲಾರಿ ಹಾದುಹೋಗುವಷ್ಟು ಹೊತ್ತು ನನಗೆ ಹುಲುಗಪ್ಪ ಕಾಣಲಿಲ್ಲ. ಅದು ಹೋದ ಮೇಲೆ ಧೂಳು. ಧೂಳಿನ ಆಚೆ, ಮುಂದೆ ಓಡುತ್ತಿದ್ದ ಲಾರಿಯ ಹಿಂಭಾಗ. ಅದು ಕೆಂಪಾಗಿತ್ತು. ನಂಬರ್ ಪ್ಲೇಟಿನ ಮೇಲೆ ಅದಿರಿನ ಕೆಸರು ಮೆತ್ತಿತ್ತು. ಕೆಳಗೆ ದೃಷ್ಟಿಬೊಂಬೆ ತೂಗಾಡುತ್ತಿತ್ತು. ಅದು ನಿಲ್ಲಲಿಲ್ಲ.

ಖಾಜಾಮಾಮ ನನಗಿಂತ ಮೊದಲು ಓಡಿದ. ನಾನು ಹೋಗುವಷ್ಟರಲ್ಲಿ ಅವನು ತನ್ನ ಲುಂಗಿ ಬಿಚ್ಚಿ ಹೊದಿಸಿದ್ದ. ಏಣಿಯುಡದ ಮೈ ಒಡೆದು ಹೊಟ್ಟೆಯ ಅದಿರೆಲ್ಲ ಚೆಲ್ಲಿತ್ತು. ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಮಧ್ಯಾಹ್ನ ಪೊಲೀಸರು ಬಂದರು. ಕಂಡವನು ನಾನೊಬ್ಬನೇ ಎಂದು ನನ್ನನ್ನು ಮುಂದೆ ನಿಲ್ಲಿಸಿದರು. ಲಾರಿ ಯಾವ ಬಣ್ಣ ಎಂದು ಕೇಳಿದರು. ಕೆಂಪು ಎಂದೆ. ಹಿಂದಿನಿಂದ ಯಾರೋ ಹೇಳಿದರು, “ಕೆಂಪಂತ! ಈ ಊರಾಗ ಕೋಳಿನೂ ಕೆಂಪೈತಿ, ಅದನ್ನ ಹಿಡಕಂಡು ಹೋಗ್ರಿ.” ಇಬ್ಬರು ಮೂವರು ನಕ್ಕರು. ಹುಲುಗಪ್ಪನ ತಂದೆ ದುರುಗಪ್ಪ ನಗಲಿಲ್ಲ. ಕಲ್ಲು ಒಡೆಯುವ ಯಂತ್ರದ ಕೆಲಸ ಬಿಟ್ಟು ಹಾಗೇ ಬಂದಿದ್ದ, ರೆಪ್ಪೆಯ ಕೂದಲೂ ಕೆಂಪಾಗಿತ್ತು. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

ಮೂರನೆಯ ದಿನ ಹನುಮಕ್ಕ ರಸ್ತೆಗೆ ಬಂದು ನಿಂತಳು. ನಮ್ಮ ಕಡೆ ಹೆಂಗಸು ಹಿಡಿ ಮಣ್ಣು ತೂರಿ ಶಾಪ ಹಾಕಿದರೆ ಅದು ತಟ್ಟದೆ ಇರುವುದಿಲ್ಲ ಎಂಬ ನಂಬಿಕೆ. ಅವಳು ಹಾದುಹೋಗುವ ಒಂದೊಂದು ಲಾರಿಗೂ ಮಣ್ಣು ತೂರಿದಳು. “ನಿಮ್ಮ ಗಾಲಿ ಮುರೀಲಿ! ನಿಮ್ಮ ಮನಿ ದೀಪ ಆರ್ಲಿ!” ಅವಳು ತೂರಿದ ಮಣ್ಣು ಲಾರಿಯ ಮೇಲಿದ್ದ ಮಣ್ಣಿಗೆ ಸೇರಿಹೋಗುತ್ತಿತ್ತು. ಒಬ್ಬ ಡ್ರೈವರೂ ತಿರುಗಿ ನೋಡಲಿಲ್ಲ. ನಾನು ನೋಡುತ್ತಿದ್ದೆ. ನನಗೆ ಅಳು ಬರಲಿಲ್ಲ. ಯಾರನ್ನಾದರೂ ಕಚ್ಚಬೇಕೆನಿಸುತ್ತಿತ್ತು.

ತಿಥಿ ಮುಗಿದ ಮರುದಿನ ಅಂಬಕ್ಕ ನನ್ನನ್ನು ಶಾಲೆಯ ಹಿಂದಿನ ಗೋಡೆಯ ಬಳಿಗೆ ಕರೆದೊಯ್ದಳು. ಅವಳ ಕೈಯಲ್ಲಿ ತಮ್ಮನ ನೋಟುಬುಕ್ಕು ಇತ್ತು.

“ಏನ್ ಕಂಡಿ, ಮತ್ತೊಮ್ಮೆ ಹೇಳು.”

“ಕೆಂಪು ಲಾರಿ.”

“ಆಮ್ಯಾಲ?”

“ನಂಬರಿಗೆ ಕೆಸರು ಮೆತ್ತಿತ್ತು. ಬೊಂಬಿ ಇತ್ತು.”

“ಬೊಂಬಿ ಎಲ್ಲಾ ಲಾರಿಗೂ ಇರ್ತಾವ. ಅದು ಹೆಂಗಿತ್ತು?”

“ಬೊಂಬಿ ಇದ್ದಂಗ ಇತ್ತು.”

ಅವಳು ನನ್ನ ಅಂಗಿಯ ಕಾಲರ್ ಹಿಡಿದಳು. “ಲೇ ಮಲ್ಯಾ, ನಿನಗ ಕಣ್ಣು ಅದಾವೋ, ಗುಂಡಿ ಹೊಲಿದಾರೋ? ನನ್ನ ತಮ್ಮ ನಿನ್ನ ನೋಡಿಕೋಂತ ನಿಂತಿದ್ದ. ನೀ ಏನ್ ನೋಡಿಕೋಂತ ನಿಂತಿದ್ದಿ?”

ಆಗ ನಾನು ಹೇಳಿದೆ. “ಬೊಂಬಿಗೆ ಒಂದು ಕೋರಿಹಲ್ಲು ಇರಲಿಲ್ಲ. ಎಡಗಡೇದು.”

ಆ ಬೊಂಬೆಗಳನ್ನು ನೀವೂ ನೋಡಿರುತ್ತೀರಿ. ಕಣ್ಣು ಬಿಟ್ಟ ರಾಕ್ಷಸನ ಮುಖ, ಹೊರಚಾಚಿದ ನಾಲಿಗೆ, ಎರಡು ಬಿಳಿಯ ಕೋರೆಹಲ್ಲು. ನಾನು ಆ ಹಲ್ಲಿಲ್ಲದ್ದನ್ನು ಕಂಡಿದ್ದೆನೇ? ಆ ಕ್ಷಣದವರೆಗೆ ನನ್ನ ನೆನಪಿನಲ್ಲಿ ಅದು ಇರಲಿಲ್ಲ. ಹೇಳಿದ ಕ್ಷಣದಿಂದ ಇತ್ತು. ಸಂಜೆಯ ಹೊತ್ತಿಗೆ ಎಡಗಡೆಯ ಆ ಖಾಲಿ ಜಾಗ ನನಗೆ ಹುಲುಗಪ್ಪನ ಮುಖಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಅಂಬಕ್ಕ ಕಾಲರ್ ಬಿಟ್ಟಳು. ನೋಟುಬುಕ್ಕಿನ ಖಾಲಿ ಪುಟ ತೆಗೆದು ಮೇಲೆ ‘ಶತ್ರು’ ಎಂದು ಬರೆದಳು. ಕೆಳಗೆ ಒಂದು ಹಲ್ಲಿನ ಬೊಂಬೆ ಬಿಡಿಸಿದಳು. ಅದರ ಎದುರಿನ ಪುಟದಲ್ಲಿ ಹೊಸ ಉಡ. ಕೆಳಗಿನ ಮೈ ಅದೇ, ತಲೆ ಇಲ್ಲ, ತೋಪು ಇಲ್ಲ, ಬೆನ್ನ ತುಂಬ ಮೇಲ್ಮುಖ ಮೊಳೆ. ಹೆಸರು ಮುಳ್ಳುಡ.

“ಇದು ಹುಲುಗ್ಯಾನ ದಂಡಿನ್ಯಾಗ ಇರಲಿಲ್ಲ” ಎಂದೆ.

“ಈಗ ದಂಡು ನಂದು.”

ಟೈರುಗಳಿಂದ ಕಿತ್ತ ಮೊಳೆಗಳನ್ನು ಖಾಜಾಮಾಮ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಅವನು ಮಸೀದಿಗೆ ಹೋದಾಗ ನಾನು ಉದ್ದನೆಯ ಎಂಟು ಮೊಳೆ ಎತ್ತಿಕೊಂಡು ಬಂದೆ. ಅಂಬಕ್ಕ ಒಂದೊಂದನ್ನೂ ಬೆರಳಿಗೆ ಒತ್ತಿ ನೋಡಿದಳು. “ಇವಕ್ಕ ಲಾರಿ ರುಚಿ ಗೊತ್ತೈತಿ” ಎಂದಳು. ಒಣಗಿದ ಮುಳ್ಳುಡವನ್ನು ರಸ್ತೆಯ ಬದಿಗಿಟ್ಟು ನಾವು ನಾಲ್ಕು ಹೆಜ್ಜೆ ಹಿಂದೆ ಬಂದೆವು. ಅದು ಕಾಣಲಿಲ್ಲ. ರಸ್ತೆಯ ಬಣ್ಣವೇ ಅದರ ಬಣ್ಣ.

ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಶಾಲೆಗೆ ಮೊದಲು, ಶಾಲೆ ಬಿಟ್ಟ ಮೇಲೆ, ಹಾದುಹೋಗುವ ಲಾರಿಗಳ ಹಿಂಭಾಗ ನೋಡುವುದೇ ನಮ್ಮ ಆಟವಾಯಿತು. ನವರಾತ್ರಿ ಹತ್ತಿರ ಬಂದಂತೆ ಅಂಬಕ್ಕನಿಗೆ ತಡೆಯಲಾಗಲಿಲ್ಲ.

“ಆಯುಧ ಪೂಜಿಗೆ ಎಲ್ಲಾ ಲಾರಿ ತೊಳೀತಾರ. ಹೊಸ ಬೊಂಬಿ ಕಟ್ತಾರ. ಆಮ್ಯಾಲ ಅವನ್ನ ಎಲ್ಲಿ ಹುಡುಕ್ತೀ? ಅದಕ್ಕ ಮೊದಲ ಸಿಗಬೇಕು.”

ಸಿಕ್ಕಿತು. ಮಹಾನವಮಿಗೆ ಆರು ದಿನ ಇರುವಾಗ, ಹೊಸಪೇಟೆ ಕಡೆಯಿಂದ ಖಾಲಿ ಬರುವ ಒಂದು ಟಿಪ್ಪರ್ ಚಹಾದ ಹೋಟೆಲಿನ ಮುಂದೆ ನಿಂತಿತು. ನೆತ್ತಿಯಿಂದ ಗಾಲಿಯವರೆಗೆ ಕೆಂಪು. ನಂಬರ್ ಕಾಣುತ್ತಿರಲಿಲ್ಲ. ಬೊಂಬೆಯ ಬಾಯಿಯಲ್ಲಿ ಬಲಗಡೆ ಹಲ್ಲಿತ್ತು, ಎಡಗಡೆ ಕೆಂಪು ಮಾತ್ರ. ಅಂಬಕ್ಕ ನನ್ನ ಮುಂಗೈ ಹಿಡಿದಳು, ಉಗುರು ಒಳಗೆ ಹೋಯಿತು. ಮುಂದಿನ ಎರಡು ದಿನವೂ ಅದೇ ಹೊತ್ತಿಗೆ ಅದು ಬಂದು ನಿಂತಿತು. ಡ್ರೈವರ್ ಇಳಿದು ಚಹಾ ಕುಡಿದು ಹೋಗುತ್ತಿದ್ದ.

ಅದರ ಮರುದಿನ, ಬೆಳಗಿನ ಬಿಸಿಲು ಹೋಟೆಲಿನ ತಗಡಿನ ಮೇಲೆ ಬೀಳುತ್ತಿದ್ದ ಹೊತ್ತು. ಆಗ ನಾನು ನಿಂತದ್ದು ಹೋಟೆಲಿನ ಬೆಂಚಿನ ಬಲತುದಿಯಲ್ಲಿ. ನನ್ನದು ಮರಿಯುಡದ ಕೆಲಸ. ಡ್ರೈವರ್ ಏಳುವ ಮೊದಲು ಕೆಮ್ಮಿ ಅಂಬಕ್ಕನಿಗೆ ಸೂಚನೆ ಕೊಡಬೇಕು. ಅವಳು ಲಾರಿಯ ಮುಂದಿನ ಗಾಲಿಗೆ ಮುಳ್ಳುಡ ಒತ್ತಿ ಇಟ್ಟು ಬರಬೇಕು. ನಮ್ಮ ಯೋಜನೆಯಲ್ಲಿ ಕೊಲ್ಲುವುದು ಇರಲಿಲ್ಲ. ಲಾರಿ ನಿಲ್ಲಬೇಕು, ಅವನು ಇಳಿಯಬೇಕು, ಊರು ಸೇರಬೇಕು. ಆಮೇಲಿನದು ಊರಿನ ಕೆಲಸ.

ಡ್ರೈವರಿಗೆ ಐವತ್ತರ ಹತ್ತಿರ ಇರಬಹುದು. ಹೆಗಲ ಮೇಲೆ ಹಸಿರು ಟವೆಲ್. ನನ್ನನ್ನು ನೋಡಿ, “ಏನಪ್ಪಾ, ಸಾಲಿಗೆ ಹೋಗಿಲ್ಲೇನು, ದಸರಾ ಸೂಟಿನಾ?” ಎಂದ. ತನ್ನ ತಟ್ಟೆಯ ಮಂಡಕ್ಕಿಯ ಮೇಲಿದ್ದ ಎರಡು ಮಿರ್ಚಿಯಲ್ಲಿ ಒಂದನ್ನು ಎತ್ತಿ ನನಗೆ ಕೊಟ್ಟ. “ತಿನ್ನು, ಬಿಸಿ ಐತಿ.” ನಾನು ತಿಂದೆ. ಅವನನ್ನು ಅಷ್ಟು ಹತ್ತಿರದಿಂದ ದ್ವೇಷಿಸುತ್ತ ಅವನು ಕೊಟ್ಟದ್ದನ್ನು ತಿಂದೆ, ಖಾರವೂ ಗೊತ್ತಾಗಲಿಲ್ಲ. ಆಮೇಲೆ ಕೆಮ್ಮಿದೆ.

ಲಾರಿ ಹೊರಟಿತು. ಮಣ್ಣು ಪುಡಿಯಾದ ಸದ್ದು ಮೊದಲು, ಆಮೇಲೆ ಗಾಳಿ ಹೊರಬಿದ್ದ ಸದ್ದು. ಲಾರಿ ಎಡಕ್ಕೆ ವಾಲಿ ಚರಂಡಿಯ ಅಂಚಿಗೆ ನಿಂತಿತು. ಡ್ರೈವರ್ ಇಳಿದ. ಅಂಬಕ್ಕ ರಸ್ತೆಯ ನಡುವೆ ನಿಂತು ಕೂಗಿದಳು.

“ಇವನ! ನನ್ನ ತಮ್ಮನ್ನ ಕೊಂದಾವ ಇವನ! ಮಲ್ಯಾ ಕಂಡಾನ, ಕೇಳ್ರಿ ಬೇಕಾದ್ರ!”

ದುರುಗಪ್ಪ ಆ ಎರಡು ತಿಂಗಳೂ ಕೆಲಸಕ್ಕೆ ಹೋಗದೆ ಖಾಜಾಮಾಮನ ಅಂಗಡಿಯ ಮುಂದೆಯೇ ಕೂತಿರುತ್ತಿದ್ದ. ಅವನು ಎದ್ದ. ಗಾಲಿ ಬಿಚ್ಚುವ ದೊಡ್ಡ ಪಾನಾ ಅವನ ಕೈಯಲ್ಲಿತ್ತು. ಹೋಟೆಲಿನಲ್ಲಿದ್ದವರೆಲ್ಲ ಬಂದು ಡ್ರೈವರನ್ನು ಲಾರಿಗೆ ಒತ್ತಿ ಹಿಡಿದಿದ್ದರು. ದುರುಗಪ್ಪ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ.

“ಮಲ್ಯಾ. ಇವನೇನು?”

ಆಗ ನನಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ನನಗೆ ಗೊತ್ತಿದ್ದದ್ದು ಒಂದೇ, ಯಾರಿಗಾದರೂ ನೋವಾಗಬೇಕಿತ್ತು.

“ಹೂಂ” ಎಂದೆ.

ಮೊದಲ ಏಟಿಗೆ ಡ್ರೈವರ್ ಬಲಗೈ ಅಡ್ಡ ತಂದ. ಅದು ಮುರಿದ ಸದ್ದು ನಾನು ಕೇಳಿದೆ. “ಗಾಡಿ ಹೊಸಾದ್ರೀ!” ಎಂದು ಅವನು ಕಿರುಚಿದ. “ಬಂದು ಎಂಟ್ ದಿನ ಆತ್ರಿ! ನಾ ಈ ರಸ್ತೇಕ ಬಂದು ಎಂಟ ದಿನ ಆತ್ರಪ್ಪಾ!”

“ಹೊಸಾದಂತ ಹೊಸಾದು! ಬಣ್ಣ ನೋಡ್ರಿ ಮಗಂದು!” ಎಂದು ಯಾರೋ ಅಂದರು. ಎರಡನೆಯ ಏಟು ಅದೇ ಕೈಯ ಮೇಲೆ, ಬಂಪರಿಗೆ ಒತ್ತಿ ಹಿಡಿದು.

ಖಾಜಾಮಾಮ ಬಂದದ್ದು ಆಗ. ತೊಟ್ಟಿಯಿಂದ ಒಂದು ಬಕೆಟ್ ನೀರು ತುಂಬಿ ತಂದಿದ್ದ. ಜನರ ಮೇಲೆ ಎರಚುತ್ತಾನೆಂದುಕೊಂಡೆ. ಅವನು ಲಾರಿಯ ಹಿಂಭಾಗಕ್ಕೆ ಎರಚಿದ. ಮತ್ತೆ ಓಡಿಹೋಗಿ ಇನ್ನೊಂದು ಬಕೆಟ್ ತಂದು ಎರಚಿದ. ಕೆಂಪು ಇಳಿದು ಹರಿಯಿತು. ಕೆಳಗೆ ಹಳದಿ ಬಣ್ಣ, ಒಂದು ಗೀರೂ ಇಲ್ಲದ್ದು. ನಂಬರಿನ ಜಾಗದಲ್ಲಿ ನಂಬರೇ ಇರಲಿಲ್ಲ, ಇನ್ನೂ ನೋಂದಣಿಯಾಗದ ಗಾಡಿಯ ಚೀಟಿ ಅಂಟಿಸಿತ್ತು. ಬೊಂಬೆಯ ಬಾಯಿಯಿಂದ ಅದಿರಿನ ಒಂದು ಹೆಂಟೆ ಕಳಚಿ ಬಿತ್ತು. ಒಳಗೆ ಎಡಗಡೆಯ ಹಲ್ಲು ಬೆಳ್ಳಗೆ ಇತ್ತು.

ಎಂಟು ದಿನದ ಧೂಳಿಗೆ ಆ ಹಲ್ಲು ಮುಚ್ಚಿಹೋಗಿತ್ತು. ಹಾಗೆ ನೋಡಿದರೆ ನಮ್ಮ ರಸ್ತೆಯಲ್ಲಿ ಓಡುವ ಯಾವ ಲಾರಿಯ ಬೊಂಬೆಗೆ ಬೇಕಾದರೂ, ಯಾವ ದಿನ ಬೇಕಾದರೂ, ಒಂದು ಹಲ್ಲು ಇಲ್ಲದಿರಬಹುದಿತ್ತು.

ದುರುಗಪ್ಪ ಪಾನಾ ಕೆಳಗೆ ಹಾಕಿದ. ಹಾಕಿದವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಂಬಕ್ಕ ಮಾತ್ರ ನಿಂತಲ್ಲೇ ನಿಂತಿದ್ದಳು. ಅವಳು ಆ ಬಿಳಿಯ ಹಲ್ಲನ್ನು ನೋಡಿದಳು.

“ಆದ್ರೇನಾತು?” ಎಂದಳು. “ಇದೂ ಲಾರಿನೇ.”

ಖಾಜಾಮಾಮ ಡ್ರೈವರಿನ ಕೈಗೆ ಅವನದೇ ಹಸಿರು ಟವೆಲ್ ಕಟ್ಟಿ, ಒಂದು ಜೀಪು ನಿಲ್ಲಿಸಿ ಸಂಡೂರಿನ ಆಸ್ಪತ್ರೆಗೆ ಕಳಿಸಿದ. ಬಂದು ಟೈರಿನಿಂದ ಮೊಳೆ ಕಿತ್ತ. ಅಂಗೈಯಲ್ಲಿ ಹೊರಳಿಸಿ ನೋಡಿದ. ಅದು ತನ್ನ ಡಬ್ಬಿಯದೆಂದು ಅವನಿಗೆ ತಿಳಿಯಿತೆಂದು ನನಗೆ ಅವನ ಮುಖದಿಂದ ಗೊತ್ತಾಯಿತು. “ಮನಿಗೆ ಹೋಗು” ಎಂದಷ್ಟೇ ಹೇಳಿದ. ಆಮೇಲೆ ನಾನು ಊರು ಬಿಡುವವರೆಗೆ ಅವನು ನನ್ನನ್ನು ಬೇಟಾ ಎಂದು ಕರೆಯಲಿಲ್ಲ. ಡ್ರೈವರ್ ದೂರು ಕೊಡಲಿಲ್ಲ. ಯಾಕೆಂದು ನನಗೆ ತಿಳಿಯದು. ಹುಲುಗಪ್ಪನಿಗೆ ಹೊಡೆದ ಲಾರಿಯೂ ಸಿಗಲಿಲ್ಲ. ಮೂರು ದಿನಕ್ಕೆ ಆಯುಧ ಪೂಜೆ ಬಂತು. ಲಾರಿಗಳೆಲ್ಲ ತೊಳೆದುಕೊಂಡು, ಬಾಳೆಕಂದು ಚೆಂಡುಹೂವು ಕಟ್ಟಿಕೊಂಡು, ನೀಲಿ ಹಸಿರು ಹಳದಿಯಾಗಿ ಸಾಲಾಗಿ ಹೋದವು.

ಈಗ ಆ ರಸ್ತೆಯಲ್ಲಿ ಅಷ್ಟು ಲಾರಿಗಳಿಲ್ಲ. ಬೇವಿನ ಮರ ಎಲ್ಲ ದಿನವೂ ಹಸಿರಾಗಿದೆ. ರೊಟ್ಟಿ ಮೆತ್ತಗಿದೆ. ಶಾಲೆಯ ಹಿಂದಿನ ಗುಡ್ಡ ತಗ್ಗಾಗಿ, ನಮ್ಮೂರಲ್ಲಿ ಸೂರ್ಯ ಮೊದಲಿಗಿಂತ ಸ್ವಲ್ಪ ತಡವಾಗಿ ಮುಳುಗುತ್ತಾನೆ. ಈಗಿನ ಹುಡುಗರು ಸಂಜೆ ಹೆಚ್ಚು ಹೊತ್ತು ಆಡುತ್ತಾರೆ, ಆ ಬೆಳಕು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ. ಮಣ್ಣೆತ್ತು ಸಂತೆಯಲ್ಲಿ ಬಣ್ಣ ಹಚ್ಚಿದ್ದೇ ಸಿಗುತ್ತದೆ, ಯಾರೂ ನಾದುವುದಿಲ್ಲ. ಹುಲುಗಪ್ಪ ಇದ್ದಿದ್ದರೆ ದಂಡಿಗೆ ಇನ್ನೆಷ್ಟು ಉಡ ಬರುತ್ತಿದ್ದವೋ, ಅದನ್ನು ಅಳೆಯುವುದು ನನ್ನಿಂದಾಗದು. ನೋಟುಬುಕ್ಕನ್ನು ಹನುಮಕ್ಕ ಒಲೆಗೆ ಹಾಕಿದಳೆಂದು ಕೇಳಿದ್ದೇನೆ, ಕಂಡಿಲ್ಲ.

ಹೋದ ವರ್ಷ ನಾನು ಮೆಟ್ರಿಗೆ ಹೋಗಿದ್ದೆ. ಅಂಬಕ್ಕ ಅಲ್ಲಿ ಗಂಡನ ಜೊತೆ ಭತ್ತದ ಗದ್ದೆ ಮಾಡಿಕೊಂಡಿದ್ದಾಳೆ. ಕಾಲುವೆಯ ನೀರು ತುಂಬಿತ್ತು, ಕಾಲಿಗೆ ಕಪ್ಪು ಕೆಸರು ಹತ್ತುತ್ತಿತ್ತು. ಊಟ ಹಾಕಿದಳು. ಕೈ ತೊಳೆದ ಮೇಲೆ ನಾನು ಅದನ್ನು ಹೇಳಿದೆ. ಹಲ್ಲಿನ ಮಾತು ನಾನು ಕಂಡದ್ದಲ್ಲ, ಕಟ್ಟಿ ಹೇಳಿದ್ದು ಎಂದು.

ಅವಳು ಎಂಜಲು ತಟ್ಟೆ ಎತ್ತುತ್ತಲೇ ಹೇಳಿದಳು, “ನನಗ ಗೊತ್ತಿತ್ತು.”

“ಯಾವಾಗ?”

“ನೀ ಹೇಳಿದಾಗ. ನಿನ್ನ ಮಾರಿ ನೋಡಿದ್ರ ತಿಳೀತಿತ್ತಲ್ಲಲೇ.”

“ಮತ್ತ ಯಾಕ ನಂಬಿದಿ?”

“ನಂಬಿದ್ದಿಲ್ಲ. ನನಗ ಒಂದು ಲಾರಿ ಬೇಕಾಗಿತ್ತು.” ತಟ್ಟೆಯನ್ನು ಬಚ್ಚಲಿಗೆ ಹಾಕಿ ಬಂದು ಕೂತಳು. “ಈಗೂ ಬೇಕು. ನಿನಗ ಬ್ಯಾಡೇನು?”

ಬರುವ ದಾರಿಯಲ್ಲಿ ಕಂಪ್ಲಿಯಲ್ಲಿ ಇಳಿದೆ. ಆ ಡ್ರೈವರಿನ ಹೆಸರು ಈರಣ್ಣ. ಬಸ್ ನಿಲ್ದಾಣದ ಬಳಿ ಚಹಾದ ಅಂಗಡಿ ಇಟ್ಟಿದ್ದಾನೆಂದು ವಿಚಾರಿಸಿ ತಿಳಿದುಕೊಂಡಿದ್ದೆ. ಅವನು ಎಡಗೈಯಿಂದ ಚಹಾ ಸೋಸುತ್ತಿದ್ದ. ಬಲಗೈ ತೊಡೆಯ ಮೇಲಿತ್ತು. ನಾನು ಒಂದು ಚಹಾ ಕುಡಿದೆ. ಅವನು ನನ್ನನ್ನು ಗುರುತಿಸಲಿಲ್ಲ, ನಾನೂ ಹೇಳಲಿಲ್ಲ. ಆ ಮಾತು ಇನ್ನೂ ನನ್ನ ಮೇಲೆ ಸಾಲವಾಗಿದೆ.

ದುರುಗಪ್ಪ ಎದೆಯ ಕಾಯಿಲೆಯಿಂದ ಹೋದ. ಹನುಮಕ್ಕ ಅವನ ಹಿಂದೆಯೇ ಹೋದಳು. ಇದನ್ನು ಕಂಡವರಲ್ಲಿ ಬದುಕಿರುವವರು ಇವರು. ಮೆಟ್ರಿಯಲ್ಲಿ ಅಂಬಮ್ಮ. ಹೊಸಪೇಟೆಯಲ್ಲಿ ಮಗನ ಟೈರಿನ ಅಂಗಡಿಯಲ್ಲಿ ಕೂರುವ ಖಾಜಾಮಾಮ. ಕಂಪ್ಲಿಯಲ್ಲಿ ಈರಣ್ಣ. ನಾನು. ಮತ್ತು ಆಷಾಢದ ಆ ಮಂಗಳವಾರ ಕೆಂಪು ಲಾರಿಯೊಂದರ ಸ್ಟೇರಿಂಗ್ ಹಿಡಿದು, ನಿಲ್ಲಿಸದೆ ಹೋದ ಒಬ್ಬ. ಅವನ ಹೆಸರು ನನಗೆ ಗೊತ್ತಿಲ್ಲ, ಮುಖ ಕಂಡಿಲ್ಲ. ಅವನು ಸತ್ತನೆಂದು ಈವರೆಗೆ ನನಗೆ ಯಾರೂ ಹೇಳಿಲ್ಲ. ಬದುಕಿದ್ದಾನೆಂದೇ ಇಟ್ಟುಕೊಂಡಿದ್ದೇನೆ.